ಹಿಂದಿನ ಸೀಟಿನವರನ್ನ ಕೇಳಿ ಗಾಡಿ ಕೂಡಸ್ರಿ

ನಮ್ಮ ಕಡೆ ಕೌದಿ ಹೊಲಿಯೋ ಹೆಣ್ಣಮಕ್ಕಳಿಗೆ ಯಾರೂ ಹುಚ್ಚಿ ಅನ್ನಂಗಿಲ್ಲ. ಹಳೇ ಇಳಕಲ್ ಸೀರಿ, ಮಾವನೋರ ಧೋತರ, ಮಕ್ಕಳಿಗೆ ಸಣ್ಣಾದ ಅಂಗಿ ಎಲ್ಲಾ ಕೂಡಿಸಿ ಹೊಲದ್ರ 'ಭಾಳ ಹಸನಾಗಿ ಸಂಸಾರ ಮಾಡ್ತಾಳ' ಅಂತಾರ. ಅದ ಕೆಲಸಾನ ಗಂಡಸೊಬ್ಬ ಹಿತ್ತಲದಾಗ ಕೂತು ಕಬ್ಬಿಣದಾಗ ಮಾಡಿದ್ರ, ಅಂದ್ರ ಒಂದು ಗಾಡಿ ಫ್ರೇಮಿಗೆ ಇನ್ನೊಂದರ ಇಂಜಿನ್ನು, ಮತ್ತೊಂದರ ಮುಂದಿನ ಫೋರ್ಕು ಕೂಡಿಸಿ ಮೋಟರ್ ಸೈಕಲ್ ನಿಲ್ಲಿಸಿದ್ರ, ಓಣಿ ಮಂದಿ 'ಇವಂಗ ಬ್ಯಾರೆ ಕೆಲಸ ಇಲ್ಲೇನು?' ಅಂತ ಕೇಳ್ತಾರ.

ನಾ ಹಂಗ ಕೇಳಂಗಿಲ್ಲ. ನಮ್ಮ ಹಿತ್ತಲದಾಗೂ ಅಂಥಾದ್ದೊಂದು ಗಾಡಿ ತಯಾರಾಗೇದ, ಮಾಡಿದವರು ನಮ್ಮನಿಯವರ. ನನ್ನ ಮಾತು ಎರಡ ನೋಡ್ರಿ. ಒಂದು, ಕೂಡಿಸೋರು ಹಿಂದಿನ ಸೀಟಿನ ಮ್ಯಾಲೆ ಕೂಡೋರು ಒಪ್ಪೋಹಂಗ ಕೂಡಿಸಬೇಕು. ಎರಡು, ಹಂಗ ನಿಯತ್ತಿನಿಂದ ಕೂಡಿಸಿದವರಿಗೆ ಸರ್ಕಾರ ಒಂದು ನೆಟ್ಟನ ದಾರಿ ಕೊಡಬೇಕು. ಇವತ್ತು ಎರಡೂ ಇಲ್ಲ.

ಮೊದ್ಲ, ಇದೇನು ಕೆಲಸ ಇಲ್ಲದವರ ಹುಚ್ಚಲ್ಲ ಅಂತ ಹೇಳಿಬಿಡ್ತೇನಿ. ಇಂಗ್ಲಂಡದಾಗ 1950-60ರ ಹೊತ್ತಿಗೆ 'ಟ್ರೈಟನ್' ಅನ್ನೋ ಗಾಡಿ ಭಾಳ ಹೆಸರು ಮಾಡಿತ್ತು. ಅದನ್ನ ಯಾವ ದೊಡ್ಡ ಕಂಪನಿನೂ ಮಾಡಿದ್ದಲ್ಲ. ನಾರ್ಟನ್ ಗಾಡಿ ಫ್ರೇಮಿನ್ಯಾಗ ಟ್ರಯಂಫ್ ಗಾಡಿ ಇಂಜಿನ್ ಕೂಡಿಸಿ ಹುಡುಗೂರು ತಮ್ಮ ಶೆಡ್ಡಿನ್ಯಾಗ ಮಾಡ್ತಿದ್ರು. ಟ್ರಯಂಫಿನ ತಲಿ, ನಾರ್ಟನ್ನಿನ ಬಾಲ ಹಿಡದು ಟ್ರೈಟನ್ ಅಂತ ಹೆಸರಿಟ್ರು. ಬೆಲ್‌ಫಾಸ್ಟಿನ ಮೆಕ್‌ಕ್ಯಾಂಡ್‌ಲೆಸ್ ಅಣ್ಣತಮ್ಮರು ಮಾಡಿಕೊಟ್ಟ 'ಫೆದರ್‌ಬೆಡ್' ಅನ್ನೋ ಆ ನಾರ್ಟನ್ ಫ್ರೇಮು 1950ರಾಗ ರೇಸಿಗೆ ಇಳೀತು. ತಿರುವಿನ್ಯಾಗ ಅದರಷ್ಟು ನೆಟ್ಟಗ ನಿಲ್ಲೋ ಫ್ರೇಮು ಆಗ ಅಪರೂಪ. ಸಣ್ಣ ರೇಸ್ ಕಾರು ಕಟ್ಟೋರಿಗೆ ನಾರ್ಟನ್ ಇಂಜಿನ್ ಅಷ್ಟ ಬೇಕಾಗಿತ್ತು, ಕಂಪನಿ ಬರೇ ಇಂಜಿನ್ ಮಾರತಿರಲಿಲ್ಲ. ಹಿಂಗಾಗಿ ಅವರು ಇಡೀ ಗಾಡಿ ತಗೊಂಡು ಇಂಜಿನ್ ಕಿತ್ತಕೊಂಡು ಫ್ರೇಮು ಒಗೀತಿದ್ರು. ಆ ಒಗದ ಫ್ರೇಮಿನಿಂದನ ಎಷ್ಟೋ ಟ್ರೈಟನ್ ಹುಟ್ಟಿದ್ವು. ಒಬ್ಬರಿಗೆ ಬ್ಯಾಡಾದದ್ದು ಇನ್ನೊಬ್ಬರ ಕೈಯಾಗ ಚಿನ್ನ ಆತು.

ನಮ್ಮ ದೇಶದಾಗೂ ಇದು ಹೊಸಾದಲ್ಲ. ಗುಜರಾತದ ಸೌರಾಷ್ಟ್ರದಾಗ 'ಛಕಡಾ' ಅಂತ ಓಡ್ತದ. ಮುಂದಿನ ಅರ್ಧ ಬುಲೆಟ್ಟಿನಂಗ, ಹಿಂದ ಮಂದಿ ಕೂಡೋ ಎರಡು ಗಾಲಿ ಬಂಡಿ, ನಡಕ ಡೀಸೆಲ್ ಇಂಜಿನ್. ಬುಲೆಟ್ ಕಂಪನಿಯವರಾ ಖುದ್ದ ತಮ್ಮ ಗಾಡಿಗೆ ಬ್ಯಾರೆಯವರ 325 ಸಿಸಿ ಡೀಸೆಲ್ ಇಂಜಿನ್ ಕೂಡಿಸಿ 'ಟಾರಸ್' ಅಂತ ಮಾರಿದ್ರು. ಕಂಪನಿ ಮಾಡಿದ್ರ ಮಾಡೆಲ್ಲು, ನಮ್ಮನಿಯವರು ಮಾಡಿದ್ರ ಜುಗಾಡು!

ಮೈಸೂರಿನ ಜಾವಾ ಗಾಡಿ ಮಾತು ತಗೋರಿ. 1961ರಿಂದ ಅಲ್ಲಿ ಗಾಡಿ ತಯಾರಾದ್ವು, ಆಮ್ಯಾಲೆ ಎಜ್ಡಿ ಅಂತ ಹೆಸರಾತು, 1996ರಾಗ ಕಾರ್ಖಾನಿ ಬಾಗಲಾ ಹಾಕಿತು. ಕಿಕ್ ಹೊಡದ ಕಡ್ಡೀನ ತಿರುವಿದ್ರ ಅದ ಗೇರ್ ಕಡ್ಡಿ ಆಗತಿದ್ದ ಆ ಗಾಡಿಗೋಳು ಕಾರ್ಖಾನಿ ಮುಚ್ಚಿ ಇಷ್ಟು ವರ್ಷ ಆದಮ್ಯಾಲೂ ರಸ್ತೆದಾಗ ಅವ. ಹೆಂಗ? ಮಿಸ್ತ್ರಿಗೋಳು, ಮನಿ ಹಿತ್ತಲದಾಗಿನ ಶೋಕೀನರು ಇದರದ್ದು ಅದಕ್ಕ, ಅದರದ್ದು ಇದಕ್ಕ ಹೊಂದಿಸಿಗೋತ ಬಂದದ್ದಕ್ಕ. ಮುಚ್ಚಿದ ಕಂಪನಿ ಸಾಮಾನು ಕಂಪನಿಯಿಂದನ ತರ್ರಿ ಅಂದ್ರ ಎಲ್ಲಿಂದ ತರೋದು?

ಇನ್ನ ನಮ್ಮ ಮನಿ ಮಾತಿಗೆ ಬರ್ತೇನಿ. ಮಾವನೋರ ಯಮಹಾ ಆರ್‌ಎಕ್ಸ್ 100 ಹಿತ್ತಲದಾಗ ತಗಡಿನ ಕೆಳಗ ವರ್ಷಾನುಗಟ್ಟಲೆ ನಿಂತಿತ್ತು. ಇಂಜಿನ್ನಿನ ಕ್ರ್ಯಾಂಕು ಹೋಗಿತ್ತು. ನಮ್ಮನಿಯವರು ಗುಜರಿಯಿಂದ ಆರ್‌ಎಕ್ಸ್ 135ರ ಇಂಜಿನ್ ತಂದ್ರು. ಒಂದ ಮನಿತನದ ಗಾಡಿ ಆಗಿದ್ದಕ್ಕ ಅದು ಫ್ರೇಮಿನ್ಯಾಗ ಹೆಚ್ಚು ಜಗಳ ಮಾಡಲಿಲ್ಲ. ಆದ್ರ 98 ಸಿಸಿ ಇದ್ದದ್ದು 132 ಆತು. ಈ ಮಾತು ಕೇಳಿದ ಕೂಡಲೆ ನಾ ಒಂದ ಪ್ರಶ್ನಿ ಕೇಳಿದೆ: "ಬ್ರೇಕು?"

"ಮೊದ್ಲ ಇಂಜಿನ್ ಚಾಲೂ ಆಗಲಿ, ಬ್ರೇಕ್ ಆಮ್ಯಾಲೆ ನೋಡೋಣ" ಅಂದ್ರು.

"ಹಂಗಿದ್ರ ನಾನೂ ಆಮ್ಯಾಲೆ ಕೂಡ್ತೇನಿ" ಅಂದೆ.

ಕೌದಿ ಹೊಲಿಯೋರಿಗೆ ಗೊತ್ತಿದ್ದ ಮಾತು ಇದು: ಗಟ್ಟಿ ಅರಬಿ, ಜುಳುಜುಳು ಅರಬಿ ಕೂಡಿಸಿ ಹೊಲದ್ರ ಗಟ್ಟಿದೇನೂ ಆಗಂಗಿಲ್ಲ, ಮೆತ್ತಂದ ಹರೀತದ. ಗಾಡಿನೂ ಹಂಗ. ಇಂಜಿನ್ ಜೋರು ಆದ್ರ ಅದರ ಭಾರ ಬೀಳೋದು ಫ್ರೇಮಿನ ಬೆಸಿಗಿ ಮ್ಯಾಲೆ, ಚೈನಿನ ಮ್ಯಾಲೆ, ಬ್ರೇಕಿನ ಮ್ಯಾಲೆ. ಅದರಾಗ ಬ್ರೇಕಿನ ಲೆಕ್ಕ ಭಾಳ ಕಠಿಣ. ವೇಗ ದುಪ್ಪಟ್ಟು ಆದ್ರ ಬ್ರೇಕ್ ಹಿಡದಮ್ಯಾಲೆ ಗಾಡಿ ನಿಲ್ಲೋ ದೂರ ದುಪ್ಪಟ್ಟಲ್ಲ, ನಾಕ್ಪಟ್ಟು ಆಗ್ತದ. ಮೂವತ್ತರಾಗ ಹತ್ತು ಮಾರಿನ್ಯಾಗ ನಿಂತಿದ್ದು ಅರವತ್ತರಾಗ ನಲವತ್ತು ಮಾರು ಬೇಡ್ತದ. ಅದಕ್ಕ ನನ್ನ ನಿಯಮ: ಓಡಿಸೋದಕ್ಕಿಂತ ಮೊದ್ಲ ನಿಲ್ಲಿಸೋದನ್ನ ಕೂಡಸ್ರಿ. ರೊಕ್ಕ ಕಡಿಮಿ ಬಿದ್ರ ಬಣ್ಣ ಬಿಡ್ರಿ, ಬ್ರೇಕ್ ಬಿಡಬ್ಯಾಡ್ರಿ.

ಡಿಸ್ಕ್ ಬ್ರೇಕ್ ಇದ್ದ ಬ್ಯಾರೆ ಗಾಡಿ ಫೋರ್ಕು ಬಂತು. ಅದರ ಜೊತಿಗೆ ಇನ್ನೊಂದು ತಕರಾರೂ ಬಂತು. ಆರ್‌ಎಕ್ಸ್ ಗಾಡಿ ಗಾಲಿ 18 ಇಂಚು, ತಂದದ್ದು 17 ಇಂಚು. ಅದರಿಂದ ಮುಂದಿನ ಭಾಗ ತಗ್ಗಿತು. ತಗ್ಗಿದ್ರ ಏನಾತು ಅಂತ ಕೇಳಬ್ಯಾಡ್ರಿ. ಹ್ಯಾಂಡಲ್ ತಿರುಗೋ ಕೊಳವೀನ ಹಂಗ ನೆಲದತನಕ ಉದ್ದ ಎಳದ್ರ ಆ ಗೆರಿ ನೆಲಕ್ಕ ಮುಟ್ಟೋ ಜಾಗ, ಗಾಲಿ ನೆಲಕ್ಕ ಮುಟ್ಟೋ ಜಾಗಕ್ಕಿಂತ ಮುಂದ ಇರ್ತದ. ಆ ನಡುವಿನ ಅಂತರಾನ ಗಾಡೀನ ನೆಟ್ಟಗ ಒಯ್ಯೋದು. ಮುಂದ ತಗ್ಗಿದಷ್ಟು ಅಂತರ ಕಡಿಮಿ, ಅಂತರ ಕಡಿಮಿ ಆದಷ್ಟು ಹ್ಯಾಂಡಲ್ ಚಂಚಲ. ಇವರು ಫೋರ್ಕಿನ ಕೊಳವೀನ ಹಿಡಿಕಿಯೊಳಗ ಕೆಳಗ ಸರಿಸಿ ಎತ್ತರ ಮೊದಲಿನಷ್ಟ ಮಾಡಿದ್ರು. ಅಳತಿ ಪಟ್ಟಿ ಹಿಡದಾಕಿ ನಾನ.

ಗಾಲಿ ನೆಟ್ಟಗ ಅವನೋ ಇಲ್ಲೋ ನೋಡಲಿಕ್ಕೆ ದೊಡ್ಡ ಮಶೀನು ಬ್ಯಾಡ. ಹಿಂದಿನ ಗಾಲಿಗೆ ದಾರ ಕಟ್ಟಿ ಎರಡೂ ಮಗ್ಗಲದಿಂದ ಮುಂದಿನ ಗಾಲಿ ತನಕ ಬಿಗಿ ಎಳೀರಿ. ದಾರಕ್ಕೂ ಮುಂದಿನ ಟೈರಿಗೂ ನಡುವ ಇದ್ದ ಸಂದಿ ಎರಡೂ ಕಡೆ ಸಮ ಇರಬೇಕು. ಚೈನಿಗೂ ಹಂಗ, ಇಂಜಿನ್ ಕಡೆ ಹಲ್ಲು ಚಕ್ರ, ಹಿಂದಿನ ಹಲ್ಲು ಚಕ್ರ ಒಂದ ಗೆರಿಯಾಗ ಬರಬೇಕು. ಸ್ವಲ್ಪ ಸೊಟ್ಟ ಇದ್ರ ಚೈನು ದಿನಾ ಹಲ್ಲು ತಿಂತದ, ಒಂದಿನ ಜಿಗೀತದ. ಜಿಗದು ಗಾಲಿಗೆ ಸಿಕ್ಕೊಂಡ್ರ ಗಾಡಿ ಜಾಗಾದಾಗ ಕಚ್ಚತದ, ಹಿಂದ ಕೂತವರು ಹಾರಿ ಬೀಳ್ತಾರ.

ಎಣ್ಣಿ ವಿಷಯನೂ ಹಿಂದಿನ ಸೀಟಿನವರು ಕೇಳಬೇಕು. ಈ ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೋಡಿ ಎಣ್ಣಿ ಹೊಟ್ಟಿಗೆ ಹೋಗಬೇಕು. ಜಾವಾ-ಎಜ್ಡಿಗೆ ಟಾಕಿನ್ಯಾಗ ಕಲಸಿ ಹಾಕ್ತಿದ್ರು, ಆರ್‌ಎಕ್ಸಿಗೆ ಬ್ಯಾರೆ ಎಣ್ಣಿ ಡಬ್ಬಿ, ಬ್ಯಾರೆ ಪಂಪು. ಗುಜರಿ ಇಂಜಿನ್ನಿಗೆ ಎಷ್ಟೋ ಸಲ ಆ ಪಂಪು ಕಿತ್ತಿರ್ತಾರ. ಪಂಪು ಇಲ್ಲ ಅಂತ ಗೊತ್ತಿಲ್ಲದ ಮನಿಮಂದಿ ಯಾರರ ಬರೇ ಪೆಟ್ರೋಲ್ ಹಾಕಿಸಿಕೊಂಡು ಹೋದ್ರ ಪಿಸ್ಟನ್ ಕಾದು ಹಿಡೀತದ, ಹಿಂದಿನ ಗಾಲಿ ನಿಂತಬಿಡ್ತದ. ಆ ಕ್ಷಣಕ್ಕ ಕ್ಲಚ್ ಹಿಡದವರು ಉಳದಂಗ. ಅದಕ್ಕ ನಮ್ಮ ಗಾಡಿ ಟಾಕಿ ಮುಚ್ಚಳದ ಮ್ಯಾಲೆ ನಾನ ಕೆಂಪು ಬಣ್ಣದಾಗ ಬರದೇನಿ: ಎಣ್ಣಿ ಕಲಸಿ ಹಾಕ್ರಿ. ಕೂಡಿಸಿದ ಗಾಡೀಗೆ ಕಂಪನಿ ಪುಸ್ತಕ ಇರಂಗಿಲ್ಲ. ಕೂಡಿಸಿದವರ ತಲ್ಯಾಗ ಇದ್ದದ್ದು ಮನಿ ಮಂದಿಗೆ ಗೊತ್ತಾಗೋಹಂಗ ಬರದಿಡಬೇಕು.

ಮನ್ಯಾಗ ಕೆಲಸ ಮಾಡೋರು ಇನ್ನೊಂದು ಮರೀಬಾರದು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ಮ್ಯಾಲೆ ಹಾರಿಹೋಗಂಗಿಲ್ಲ, ನೆಲ ಹಿಡದು ಹರೀತದ. ಹಿತ್ತಲದಾಗ ಕಾರ್ಬುರೇಟರ್ ಬಿಚ್ಚಿದ್ರ ಅಡಗಿಮನಿ ಹೊಸ್ತಿಲಾ ದಾಟಿ ಒಲಿ ತನಕ ಬರ್ತದ. ನಮ್ಮಲ್ಲೆ ಕರಾರು ಆಗೇದ, ಒಲಿ ಹಚ್ಚಿದಾಗ ಟಾಕಿ ಬಿಚ್ಚಂಗಿಲ್ಲ, ಟಾಕಿ ಬಿಚ್ಚಿದಾಗ ಒಲಿ ಹಚ್ಚಂಗಿಲ್ಲ. ಖಾಲಿ ಟಾಕಿಗೆ ಮನ್ಯಾಗ ಬೆಸಿಗಿ ಅಂತೂ ಸುತರಾಂ ಇಲ್ಲ, ಖಾಲಿ ಅಂದದ್ದು ಪೆಟ್ರೋಲಿಗೆ ಖಾಲಿ, ಆವಿಗೆ ಅಲ್ಲ.

ಇಷ್ಟೆಲ್ಲಾ ಮಾಡಿದ ಗಾಡಿ ಈಗ ಎಲ್ಲೆ ಅದ? ಹಿತ್ತಲದಾಗ. ಬಾಳ ಆದ್ರ ನಮ್ಮ ಹೊಲದೊಳಗಿನ ದಾರಿ. ಡಾಂಬರ್ ರಸ್ತೆಕ್ಕ ಇಳಿಸಿಲ್ಲ. ಯಾಕಂದ್ರ ಆರ್‌ಸಿ ಪುಸ್ತಕದಾಗ ಇದ್ದದ್ದು 98 ಸಿಸಿ, ಹಳೇ ಇಂಜಿನ್ ನಂಬರು. ಮೋಟಾರು ವಾಹನ ಕಾಯ್ದೆ 52ನೇ ಕಲಂ ಪ್ರಕಾರ, ಕಂಪನಿ ಮೂಲದಾಗ ಹೇಳಿದ್ದಕ್ಕ ಆರ್‌ಸಿ ವಿವರ ತಾಳ ಆಗದಂಗ ಗಾಡಿ ಬದಲಿಸಬಾರದು. 2019ರ ಜನವರಿಯೊಳಗ ಸುಪ್ರೀಂ ಕೋರ್ಟೂ ಅದನ್ನ ಎತ್ತಿ ಹೇಳಿತು. ಅದ ವರ್ಷ ತಿದ್ದುಪಡಿ ಆಗಿ, ಕಾಯ್ದೆ ಒಪ್ಪದ ಒಂದೊಂದು ಬದಲಾವಣಿಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ ಅಂತ ಆತು. ವಿಮಾ ಕಂಪನಿಗೆ ಹೇಳದ ಮಾಡಿದ ಬದಲಾವಣಿ ಇದ್ರ ನಾಳೆ ಏನರ ಆದಾಗ ಅವರು ತಕರಾರು ತಗೀತಾರ. ಪೆಟ್ಟು ತಿಂದವರು ದವಾಖಾನಿಯೊಳಗ, ಕಾಗದ ಕಚೇರಿಯೊಳಗ.

ಕಾಯ್ದೆ ಸುಳ್ಳು ಅಂತ ನಾ ಅನ್ನಂಗಿಲ್ಲ. ಕಳುವಿನ ಇಂಜಿನ್ ಗುಜರಿಗೆ ಬರ್ತಾವ, ಖರೇ. ಸೈಲೆನ್ಸರ್ ಕೊರದು ನಡುರಾತ್ರಿ ಓಣಿ ಎಬ್ಬಿಸೋರು ಅದಾರ, ಅದೂ ಖರೇ. ಆದ್ರ ಸೈಲೆನ್ಸರ್ ಕೊರದವಂಗೂ, ಚಲೋ ಬ್ರೇಕ್ ಹಾಕಿದವಂಗೂ ಒಂದ ತಕ್ಕಡಿ ಹಚ್ಚೋದು ಯಾವ ನ್ಯಾಯ? ಮೊದಲಿನವ ಸಿಕ್ಕರ ಸಿಕ್ಕ, ಇಲ್ಲಂದ್ರ ಇಲ್ಲ ಅಂತ ತಿರುಗ್ಯಾಡ್ತಾನ. ಎರಡನೇದವ ಅಂಜಿ ಮನ್ಯಾಗ ಕೂಡ್ತಾನ. ಹಿಂಗಾಗಿ ರಸ್ತೆದಾಗ ಕಾಣಸೋರು ಮೊದಲಿನವರ.

ಟ್ರೈಟನ್ ಹುಟ್ಟಿದ ಇಂಗ್ಲಂಡದಾಗ ಈಗ ಇದಕ್ಕೊಂದು ಪದ್ಧತಿ ಅದ. ಮನ್ಯಾಗ ಕಟ್ಟಿದ ಒಂದ ಒಂದು ಮೋಟರ್ ಸೈಕಲ್ಲನ್ನೂ ತಪಾಸಣಿಗೆ ಒಯ್ಯಬಹುದು. ಬ್ರೇಕು, ದೀಪ, ಸಪ್ಪಳ, ಹೊಗಿ ಎಲ್ಲಾ ನೋಡಿ ಪಾಸಾದ್ರ ರಸ್ತೆಕ್ಕ ಬಿಡ್ತಾರ. ನಮ್ಮಲ್ಲೆ ಪುಣೆಯ ಎಆರ್‌ಎಐ ಅಂಥಾ ಸಂಸ್ಥೆ ಕಂಪನಿಗೋಳ ಒಂದು ಮಾದರಿ ಗಾಡಿ ಪರೀಕ್ಷಾ ಮಾಡ್ತದ, ಅದು ಪಾಸಾದ್ರ ಅಂಥಾವು ಸಾವಿರಾರು ಗಾಡಿ ಹೊರಗ ಬರ್ತಾವ. ಒಂದ ಗಾಡಿ ಮಾಡಿದವ ಎಲ್ಲೆ ಹೋಗಬೇಕು? ಜಿಲ್ಲಾಕ್ಕೊಂದು ಕಡೆ, ತಿಂಗಳಿಗೊಂದು ದಿನ ಸಾಕು. ಫೀ ತಗೋರಿ. ಒಂದೊಂದು ಸಾಮಾನಿನ ಬಿಲ್ಲು ಕೇಳ್ರಿ, ಇಂಜಿನ್ ಯಾರಿಂದ ಬಂತು ಅಂತ ಹಳೇ ಆರ್‌ಸಿ ನಕಲು ಕೇಳ್ರಿ. ಬೆಸಿಗಿ ಬಡದು ನೋಡ್ರಿ, ದಾರ ಹಿಡದು ನೋಡ್ರಿ, ಬ್ರೇಕ್ ಹಿಡದು ನೋಡ್ರಿ. ನಾಪಾಸು ಮಾಡಿದ್ರ ಯಾಕ ಅಂತ ಬರದುಕೊಡ್ರಿ. ತಿದ್ದಿ ಮತ್ತ ತರ್ತಾರ.

ಅಲ್ಲಿ ತನಕ ಕೂಡಿಸೋರು ಸುಮ್ಮ ಕೂಡಬೇಕಂತಲ್ಲ. ಬಿಲ್ಲು ಇಡೋ ಚಟ ಈಗಿಂದನ ಹಚ್ಚಿಕೊಳ್ರಿ. ನಮ್ಮಲ್ಲೆ ಕಿರಾಣಿ ಲೆಕ್ಕದ ವಹಿಯ ಹಿಂದಿನ ಹಾಳಿಯೊಳಗ ಫೋರ್ಕಿನದು, ಇಂಜಿನ್ನಿನದು, ಬ್ಯಾರಿಂಗಿನದು ಎಲ್ಲಾ ಅದ, ತಾರೀಖು ಸಮೇತ. ಬಿಲ್ಲು ಕೊಡದ ಅಂಗಡಿಯೊಳಗ ಇಂಜಿನ್ ಎಷ್ಟು ಸೋವಿ ಸಿಕ್ಕರೂ ಬ್ಯಾಡ. ಮೂಲ ಇಂಜಿನ್ ಗುಜರಿಗೆ ಹಾಕಬ್ಯಾಡ್ರಿ. ಇವರು ಮಾವನೋರ ಹಳೇ ಇಂಜಿನ್ನಿಗೆ ಹೊಸಾ ಕ್ರ್ಯಾಂಕ್ ಹಾಕಲಿಕ್ಕೆ ಹತ್ಯಾರ, ರಸ್ತೆಕ್ಕ ಇಳಿಯೋದು ಅದರ ಮ್ಯಾಲೆನ. 132 ಹೊಲದಾಗ ಇರ್ತದ.

"ಅಷ್ಟು ದುಡದು ಮಾಡಿದ್ದು ಹೊಲದಾಗ ಇಡಲೇನು?" ಅಂತ ಇವರಿಗೆ ಒಳಗ ಬ್ಯಾಸರ ಅದ, ನಂಗೊತ್ತು. ಸಂಜಿಕೆ ಚಹಾ ಒಯ್ದು ಕೊಟ್ಟಾಗ ಪಾನಾ ಕೆಳಗಿಟ್ಟು ಅದನ್ನ ನೋಡ್ಕೋತ ಕೂತಿರ್ತಾರ. ಆ ಬ್ಯಾಸರ ದಂಡಕ್ಕ ಅಂಜಿ ಬಂದದ್ದಲ್ಲ. ಕೆಲಸ ಚಲೋ ಆಗೇದ, ಚಲೋ ಆಗೇದ ಅಂತ ಸಿಕ್ಕಾ ಹೊಡಿಯೋರು ಯಾರೂ ಇಲ್ಲ ಅನ್ನೋದು ಅದು. ಸರ್ಕಾರದವರು ಒಂದಿನ ಆ ಸಿಕ್ಕಾ ಹೊಡಿಯೋ ಕಿಟಕಿ ತೆಗದ್ರ, ಅಲ್ಲಿ ತನಕ ಗಾಡಿ ಹಿಂದ ಕೂತು ಹೋಗಾಕಿ ನಾನ.