ನೆಲದೊಳಗಿನ ಗಂಗೆ ಯಾರ ಸೊತ್ತು?

ಶಿವಮೊಗ್ಗಕ್ಕೆ ತುಂಗೆ, ಭದ್ರಾವತಿಗೆ ಭದ್ರೆ. ಎರಡೂ ಕೂಡಲಿಯಲ್ಲಿ ಸಂಗಮಿಸುತ್ತವೆ. ಹೊಳೆಯ ಮಗ್ಗುಲಲ್ಲಿರುವವರಿಗೆ ನೀರಿನ ಚಿಂತೆಯೇಕೆ ಎನ್ನುವವರುಂಟು. 2023ರಲ್ಲಿ ಮಳೆ ಕೈಕೊಟ್ಟು ಸರ್ಕಾರ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದಾಗ ನಮ್ಮ ಜಿಲ್ಲೆಯೂ ಹೊರಗುಳಿಯಲಿಲ್ಲ.

ಭದ್ರಾ ನಾಲೆ ಹರಿಯುವಾಗ ಗದ್ದೆಯಲ್ಲಿ ನಿಂತ ನೀರು ಇಂಗಿ ಅಕ್ಕಪಕ್ಕದ ಬಾವಿಗಳನ್ನು ತುಂಬುತ್ತದೆ. ಗದ್ದೆ ಅಡಿಕೆ ತೋಟವಾದ ಕಡೆ ನಾಲೆ ನಿಂತ ಮೇಲೂ ಮರಕ್ಕೆ ನೀರು ಬೇಕು. ಆಗ ಕೊಳವೆ ಬಾವಿ. ಕೊರೆಸುವವನನ್ನು ಪಾಪಿ ಎನ್ನಲಾರೆವು, ಅವನಿಗೂ ಸಂಸಾರವಿದೆ. ಆದರೆ ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಅದರ ಮೇಲಿನ ಸಡಿಲ ಪದರದಲ್ಲಿ, ಬಂಡೆಯ ಬಿರುಕುಗಳಲ್ಲಿ. ಒಬ್ಬ ಆಳಕ್ಕಿಳಿದು ಎಳೆದರೆ ನೆರೆಯವನ ತೆರೆದ ಬಾವಿ ಬತ್ತುತ್ತದೆ. ಬೇಸಿಗೆಯಲ್ಲಿ ಹಳ್ಳಕ್ಕೆ ಜೀವ ಕೊಡುವುದೂ ಅದೇ ಒಸರು ನೀರು. ಅದು ನಿಂತರೆ ಮೀನು, ಕಪ್ಪೆ, ಬಾಯಾರಿ ಬರುವ ದನ, ದಂಡೆಯ ಮರ ಎಲ್ಲಕ್ಕೂ ಸಂಕಟ. ಸಾಲ ಮಾಡಿ ಕೊರೆಸಿದ ಬಡವನಿಗೆ ಬರೀ ಧೂಳು ಬಂದರೆ ಸಾಲವಷ್ಟೇ ಉಳಿಯುತ್ತದೆ.

ಅಂತರ್ಜಲ ಕಾಯ್ದೆ 2011ರಲ್ಲೇ ಬಂದಿದೆ. ಕಾಯ್ದೆ ಕೊರೆತಕ್ಕೆ ಲಗಾಮು ಹಾಕೀತು, ನೀರನ್ನು ಇಂಗಿಸದು. ಇಂಗಿಸುವುದು ಕೆರೆ. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಶರಣರು. ಜಾತ್ರೆಯಲ್ಲಿ ಅವರಿಗೆ ಜಯಕಾರ ಹಾಕುವ ನಾವೇ, ಊರ ಕೆರೆಯಂಗಳ ಒತ್ತುವರಿಯಾದಾಗ ಬಾಯಿ ಬಿಡುವುದಿಲ್ಲ!

ಹಿರಿಯರೇ, ಕೆರೆಗೆ ನೀರು ತರುತ್ತಿದ್ದ ಕಾಲುವೆಯ ಜಾಡು ನಿಮಗೆ ಗೊತ್ತು, ಮೊಮ್ಮಕ್ಕಳಿಗೆ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ಅವರನ್ನು ಕರೆದೊಯ್ದು ತೋರಿಸಿರಿ. ಹೂಳೆತ್ತುವ ಮಾತನ್ನು ಮುಂದಿನ ಗ್ರಾಮಸಭೆಯಲ್ಲಿ ನೀವೇ ಎತ್ತಿರಿ.