ಬೆಲ್ಲದ ಮಾರಾಟಕ್ಕೆ ಬೆಳೆಗಾರನ ಧ್ವನಿ

ಮಂಡ್ಯದ ಸೀಮೆಯ ಆಲೆಮನೆಗಳ ಒಡೆಯರಲ್ಲಿ ಕೆಲವರು ಈಚಿನ ವರ್ಷಗಳಲ್ಲಿ ತಮ್ಮ ಬೆಲ್ಲವನ್ನು ಮಂಡಿಗೆ ಸಾಗಿಸುವುದನ್ನು ಬಿಟ್ಟು, ಅಂತರ್ಜಾಲದ ಮೂಲಕ ಪಟ್ಟಣದ ಮನೆಗಳಿಗೆ ನೇರವಾಗಿ ಮಾರಲು ತೊಡಗಿರುವರು. ಇದು ಮೆಚ್ಚತಕ್ಕ ಉದ್ಯಮವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸರಕನ್ನು ಪ್ರಚುರಪಡಿಸುವ ಕ್ರಮದಲ್ಲಿ ಇವರು ಹಿಂದೆ ಬಿದ್ದಿರುವರು. ಬೆಲ್ಲದ ಚಿತ್ರವೊಂದನ್ನು ಹಾಕಿ, ಕೆಳಗೆ ಬೆಲೆಯನ್ನು ನಮೂದಿಸಿ, ಗಿರಾಕಿಗಳು ಬರಲಿಲ್ಲವೆಂದು ಕೈಕಟ್ಟಿ ಕುಳಿತುಕೊಳ್ಳುವವರೇ ಬಹುಮಂದಿ. ನನ್ನ ಅಭಿಪ್ರಾಯದಲ್ಲಿ, ಬೆಲ್ಲದಂತಹ ಪದಾರ್ಥಕ್ಕೆ ಚಿತ್ರಕ್ಕಿಂತಲೂ ಧ್ವನಿಯೇ ತಕ್ಕ ಸಾಧನ. ಅಂದರೆ ಬೆಳೆಗಾರನನ್ನು ಪ್ರಶ್ನಿಸಿ, ಅವನ ಉತ್ತರವನ್ನು ಮೊಬೈಲಿನಲ್ಲಿ ಮುದ್ರಿಸಿ, ಕೊಳ್ಳುವವರಿಗೆ ಕೇಳಿಸುವುದು.

ಇದಕ್ಕೆ ಕಾರಣವು ಬೆಲ್ಲದ ಬಣ್ಣದಲ್ಲಿಯೇ ಇದೆ. ಮಂಡಿಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಹೆಚ್ಚಿನ ಬೆಲೆ, ಕಂದು ಬಣ್ಣದ್ದಕ್ಕೆ ಕಡಮೆ. ಆ ಹೊಂಬಣ್ಣವನ್ನು ತರುವುದಕ್ಕಾಗಿ ಹಲವರು ಕುದಿಯುವ ಕಬ್ಬಿನ ಹಾಲಿಗೆ ಹೈಡ್ರೋಸ್ ಎಂದು ಕರೆಯಲ್ಪಡುವ ರಾಸಾಯನಿಕ ಪುಡಿಯನ್ನು ಬೆರೆಸುವರು. ಇದರಿಂದ ಬೆಲ್ಲದಲ್ಲಿ ಗಂಧಕದ ಅಂಶವು ಉಳಿಯುವುದು. ಕೆಲವು ಕಾಲ ಕಳೆದ ಮೇಲೆ ಆ ಬಣ್ಣವೂ ನಿಲ್ಲದೆ ಕಪ್ಪಾಗುವುದು. ಬೆಂಡೆಗಿಡದ ಲೋಳೆಯಿಂದ ಕೊಳೆ ತೆಗೆದು ಶುದ್ಧವಾಗಿ ಕಾಸಿದ ಬೆಲ್ಲವು ಸಾಮಾನ್ಯವಾಗಿ ಕಂದು ಬಣ್ಣದ್ದು. ಚಿತ್ರದಲ್ಲಿ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ, ಪಟ್ಟಣದ ಗೃಹಿಣಿಯ ಕಣ್ಣು ಹಳದಿಯ ಕಡೆಗೇ ತಿರುಗುವುದು ಸಹಜ. ಹೀಗೆ ಪ್ರಾಮಾಣಿಕನಾದ ರೈತನು ಮಂಡಿಯಲ್ಲಿ ಸೋತಂತೆಯೇ ಅಂತರ್ಜಾಲದಲ್ಲಿಯೂ ಸೋಲುವನು. ಬಣ್ಣವು ಹೀಗೇಕೆ ಎಂಬುದನ್ನು ಬಾಯಿಬಿಟ್ಟು ಹೇಳಿದ ಹೊರತು ಅವನಿಗೆ ಬೇರೆ ದಾರಿಯಿಲ್ಲ.

ರೈತನ ಕಿವಿಗೆ ಧ್ವನಿಯನ್ನು ಮುಟ್ಟಿಸುವ ಕಾರ್ಯ ನಮ್ಮ ನಾಡಿಗೆ ಹೊಸದೇನಲ್ಲ. 1935ರಲ್ಲಿ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. 1956ರಲ್ಲಿ ಯುನೆಸ್ಕೋ ಸಂಸ್ಥೆಯ ನೆರವಿನಿಂದ ಪುಣೆಯ ಬಾನುಲಿ ಕೇಂದ್ರದವರು ಸುಮಾರು 150 ಹಳ್ಳಿಗಳಲ್ಲಿ ರೈತಕೂಟಗಳನ್ನು ಏರ್ಪಡಿಸಿ, ಕೇಳಿದವರ ಪ್ರಶ್ನೆಗಳನ್ನು ತರಿಸಿಕೊಂಡು ಉತ್ತರ ಕೊಟ್ಟರು. ಆಗ ಪಟ್ಟಣದಿಂದ ಹಳ್ಳಿಗೆ ಮಾತು ಬರುತ್ತಿತ್ತು. ಈಗ ಹಳ್ಳಿಯಿಂದ ಪಟ್ಟಣಕ್ಕೆ ಹೋಗಬೇಕಾಗಿದೆ, ಅಷ್ಟೇ ವ್ಯತ್ಯಾಸ.

ಪ್ರಶ್ನಿಸುವವನು ಯಾರೆಂಬುದು ಮುಖ್ಯ. ಹೊಗಳುವುದಕ್ಕೆಂದೇ ಕೂಲಿಗೆ ಬಂದವನು ಬೇಡ. ಓದಿದ ಮಗನೋ ಸೋದರಳಿಯನೋ ಆಗಬಹುದು. ಆದರೆ ಕೊಳ್ಳುವವರು ಕೇಳಬಹುದಾದ ಕಠಿಣ ಪ್ರಶ್ನೆಯನ್ನು ಅವನೇ ಕೇಳಬೇಕು. “ನಿಮ್ಮ ಬೆಲ್ಲ ಬಹಳ ಶ್ರೇಷ್ಠವಲ್ಲವೇ?” ಎಂದರೆ “ಹೌದು” ಎನ್ನುವುದರ ವಿನಾ ಬೇರೆ ಉತ್ತರವಿಲ್ಲ. “ಬೆಲ್ಲ ಯಾಕೆ ಇಷ್ಟು ಕಪ್ಪಗಿದೆ, ದೊಡ್ಡಪ್ಪ?” ಎಂದು ಕೇಳಿದರೆ, “ಹೈಡ್ರೋಸ್ ಹಾಕಕ್ಕಿಲ್ಲ ಕಣಪ್ಪ. ಬೆಂಡೆಗಿಡ ಜಜ್ಜಿ ನೀರಲ್ಲಿ ಕಿವುಚಿ ಕೊಪ್ಪರಿಗೆಗೆ ಬಿಡ್ತೀವಿ, ಕೊಳೆಯೆಲ್ಲ ಮೇಲಕ್ಕೆ ಬತ್ತದೆ, ತೆಗೆದು ಹಾಕ್ತೀವಿ” ಎಂಬ ಮಾತು ಹೊರಡುವುದು. ಇಂತಹ ಮಾತಿಗೆ ಯಾವ ಜಾಹೀರಾತೂ ಸಮನಲ್ಲ. ಅವನ ಆಡುನುಡಿಯನ್ನು ತಿದ್ದಿ ಗ್ರಂಥಭಾಷೆಯನ್ನು ಓದಿಸಕೂಡದು. ಓದಿಸಿದ ಕೂಡಲೇ ಕೇಳುವವರಿಗೆ ತಿಳಿದುಹೋಗುವುದು. ಕಬ್ಬಿನ ತಳಿ ಕೋ 62175 ಆಗಿರಲಿ, ಬೇರೆಯದಾಗಿರಲಿ, ಅದನ್ನೂ ಅವನ ಬಾಯಿಂದಲೇ ಹೇಳಿಸಬೇಕು. ಮಳೆಗಾಲದಲ್ಲಿ ಬೆಲ್ಲವು ತೇವವನ್ನು ಹೀರಿ ಮೆತ್ತಗಾಗುವುದೆಂಬ ದೋಷವನ್ನೂ ಮುಚ್ಚಿಡಬಾರದು. ದೋಷವೊಂದನ್ನು ತಾನಾಗಿ ಒಪ್ಪಿಕೊಂಡವನ ಉಳಿದ ಮಾತನ್ನು ಜನರು ನಂಬುವರು.

ಆದರೆ ಬೆಲ್ಲವು ಸಕ್ಕರೆ ಕಾಯಿಲೆಗೆ ಔಷಧವೆಂದೂ, ಮಧುಮೇಹಿಗಳು ಎಷ್ಟು ಬೇಕಾದರೂ ತಿನ್ನಬಹುದೆಂದೂ ಹೇಳುವ ಚಟವು ಕೆಲವರಲ್ಲಿರುವುದು. ಇದು ಶುದ್ಧ ಸುಳ್ಳು. ಬೆಲ್ಲದ ಬಹುಭಾಗವು ಸಕ್ಕರೆಯೇ. ಸುಳ್ಳನ್ನು ನಂಬಿ ತಿಂದವನಿಗೆ ಆಗುವ ಅಪಾಯವು ಒಂದು ಕಡೆ. ಆಹಾರ ಪದಾರ್ಥಗಳ ಬಗ್ಗೆ ದಾರಿತಪ್ಪಿಸುವ ಜಾಹೀರಾತು ಮಾಡಿದವರಿಗೆ 2006ರ ಆಹಾರ ಸುರಕ್ಷತೆ ಕಾಯಿದೆಯ 53ನೆಯ ಪ್ರಕರಣದ ಮೇರೆಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದೆಂಬುದು ಇನ್ನೊಂದು ಕಡೆ. ಬರೆದ ಮಾತನ್ನು ಅಳಿಸಬಹುದು; ಊರೂರಿನ ಮೊಬೈಲುಗಳಿಗೆ ಹರಡಿದ ಧ್ವನಿಯನ್ನು ಹಿಂದಕ್ಕೆ ತರಲಾಗದು.

ರೈತರು ಅತ್ಯಂತ ಜಾಗರೂಕರಾಗಿರಬೇಕಾದ ವಿಷಯವು ಮತ್ತೊಂದುಂಟು. ವ್ಯಾಪಾರಿಯೊಬ್ಬನು ಬಂದು, “ನಿಮ್ಮ ಸಂದರ್ಶನವನ್ನು ನಾವೇ ಮಾಡಿಕೊಳ್ಳುತ್ತೇವೆ, ಖರ್ಚು ನಮ್ಮದು” ಎಂದರೆ ಹಿಗ್ಗಿ ಹೋಗಬಾರದು. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಧ್ವನಿಮುದ್ರಣದ ಕರ್ತೃವೆಂದರೆ ಮಾತನಾಡಿದವನಲ್ಲ, ಮುದ್ರಣವನ್ನು ಮಾಡಿಸಿದವನು. ಅದರ ಸ್ವಾಮ್ಯವು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ ನಡೆಯುವುದು. ಮುಂದಿನ ವರ್ಷ ಆ ವ್ಯಾಪಾರಿಯು ಬೇರೆ ಕಡೆಯ ಹೈಡ್ರೋಸ್ ಬೆಲ್ಲವನ್ನು ಕೊಂಡು, ಈ ರೈತನ ಧ್ವನಿಯಿಂದಲೇ ಅದನ್ನು ಮಾರಿದರೆ, ಹೆಸರು ಕೆಡುವುದು ಯಾರದು? ಆದುದರಿಂದ ಮುದ್ರಣವನ್ನು ಸಾಧ್ಯವಾದಷ್ಟೂ ತಮ್ಮ ಯಂತ್ರದಲ್ಲಿಯೇ ಮಾಡಿಕೊಳ್ಳತಕ್ಕದ್ದು. ಅನ್ಯರು ಮಾಡಿದ ಪಕ್ಷದಲ್ಲಿ, ಯಾವ ಆಲೆಮನೆಯ ಬೆಲ್ಲಕ್ಕೆ, ಎಷ್ಟು ಕಾಲದವರೆಗೆ ಉಪಯೋಗಿಸಬಹುದೆಂಬುದನ್ನು ಕಾಗದದಲ್ಲಿ ಬರೆಯಿಸಿ ರುಜು ಪಡೆಯಬೇಕು. ಇಷ್ಟಕ್ಕೂ ಒಪ್ಪದ ವ್ಯಾಪಾರಿಗೆ ಮಾತನ್ನೂ ಕೊಡಬೇಡಿ, ಬೆಲ್ಲವನ್ನೂ ಕೊಡಬೇಡಿ.

ಮುದ್ರಿಸುವ ಕೆಲಸ ಕಷ್ಟವಲ್ಲ. ಗಾಣವು ತಿರುಗುವಾಗ ಅದರ ಬಳಿ ಕುಳಿತರೆ ಮಾತು ಕೇಳಿಸದು. ಗದ್ದಲದ ಸದ್ದನ್ನು ಕಾಲು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿ ಮೊದಲಿಗೆ ಸೇರಿಸಿದರೆ ಸಾಕು. ಮೊಬೈಲನ್ನು ಬಾಯಿಂದ ಒಂದು ಗೇಣು ದೂರದಲ್ಲಿ, ಗಾಳಿ ಬೀಸದ ಕಡೆ ಹಿಡಿಯಬೇಕು. ಐದು ನಿಮಿಷ ಮೀರಬಾರದು. ಸೆಕೆಂಡಿಗೆ 64 ಕಿಲೋಬಿಟ್ ದರದಲ್ಲಿ ಇಟ್ಟರೆ ಇದು ಸುಮಾರು 2.4 ಮೆಗಾಬೈಟ್ ಮಾತ್ರ ಆಗುವುದು. ವಾಟ್ಸಾಪಿನಲ್ಲಿ ಕಳುಹಿಸಲು ತೊಡಕಿಲ್ಲ. ಮಾತನ್ನು ಬರೆಹದಲ್ಲಿಯೂ ಕೆಳಗೆ ಕೊಡುವುದು ಒಳ್ಳೆಯದು, ಏಕೆಂದರೆ ಕಿವಿ ಮಂದವಾದವರೂ ಬೆಲ್ಲವನ್ನು ಕೊಳ್ಳುವರು. ಕಳೆದ ಸಾಲಿನ ಸಂದರ್ಶನವನ್ನು ಈ ಸಾಲಿನ ಬೆಲ್ಲಕ್ಕೆ ಅಂಟಿಸದೆ, ಪ್ರತಿ ಸಾಲಿನ ಆಲೆ ಹೂಡಿದ ಮೇಲೆ ಹೊಸದಾಗಿ ಮುದ್ರಿಸಿ, ದಿನಾಂಕವನ್ನು ಬೆಳೆಗಾರನ ಬಾಯಿಂದಲೇ ಹೇಳಿಸತಕ್ಕದ್ದು.