ಅಂಗಳದ ಕಾರಂಜಿಗೆ ಯಾರ ನೀರು?

ಮಲೆನಾಡಿನಲ್ಲಿ ಹೊಸದಾಗಿ ಏಳುತ್ತಿರುವ ಮನೆಗಳ ಕೈತೋಟಗಳಲ್ಲಿ ಕಾರಂಜಿಯೂ ಕಾಣಿಸಿಕೊಳ್ಳುತ್ತಿದೆ. ಹರಿಯುವ ನೀರು ಕಣ್ಣಿಗೆ ತಂಪು, ಕಿವಿಗೆ ಇಂಪು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಆಕಾರ, ಬಣ್ಣ, ಬೆಲೆಗಳ ಬಗ್ಗೆ ನಡೆಯುವ ಚರ್ಚೆಯಲ್ಲಿ ನೀರಿನ ಮೂಲದ ಪ್ರಶ್ನೆ ಬರುವುದು ಅಪರೂಪ.

ಮಳೆಯ ನಾಡಿನಲ್ಲಿ ಈ ಪ್ರಶ್ನೆ ಅತಿಯೆನಿಸಬಹುದು. ಆದರೆ ಇಳಿಜಾರಿನಲ್ಲಿ ಬಿದ್ದ ಮಳೆ ಬೇಗ ಹರಿದುಹೋಗುತ್ತದೆ. ಏಪ್ರಿಲ್ ಹೊತ್ತಿಗೆ ಹಳ್ಳಗಳು ಸೊರಗುತ್ತವೆ. ಆಗ ಗುಡ್ಡದ ಮೇಲಿನ ಮನೆ ಒರತೆಗೆ ಪೈಪು ಹಾಕಿ ಹಗಲಿರುಳು ಹರಿಸಿಕೊಂಡರೆ ಕೆಳಗಿನ ಕೇರಿಯ ಕೊಡ ತುಂಬುವುದಿಲ್ಲ. ಹಿಂದೆ ಸೀಳಿದ ಅಡಿಕೆ ಮರದ ದೋಣಿಯಲ್ಲಿ ಮನೆಗಿಳಿದ ಅಬ್ಬಿ ನೀರು ಬಚ್ಚಲು, ಕೊಟ್ಟಿಗೆಗಳನ್ನು ದಾಟಿ ತೋಟ ಸೇರುತ್ತಿತ್ತು. ಬರಿಯ ನೋಟಕ್ಕೆಂದು ಆರಿಹೋಗುತ್ತಿರಲಿಲ್ಲ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕಾರಂಜಿ, ಕೈತೋಟಗಳಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡವೆಂದು ಆದೇಶಿಸಬೇಕಾಯಿತು. ಬೆಟ್ಟದ ಊರುಗಳು ಅಂಥ ಆದೇಶಕ್ಕಾಗಿ ಕಾಯಬೇಕೇ?

ಕಾರಂಜಿಯೇ ಬೇಡವೆಂದಲ್ಲ. ಒಂದೇ ನೀರನ್ನು ಮತ್ತೆ ಮತ್ತೆ ಮೇಲೆತ್ತುವ ಸಣ್ಣ ಪಂಪಿನದನ್ನು ಆರಿಸಿಕೊಂಡು, ಮಾಡಿನಿಂದ ಹಿಡಿದಿಟ್ಟ ಮಳೆನೀರಿನಿಂದ ತೊಟ್ಟಿ ತುಂಬಿಸಬಹುದು. ಎತ್ತರಕ್ಕೆ ಚಿಮ್ಮಿ ತುಂತುರಾದ ನೀರು ಗಾಳಿಗೆ ಹಾರಿ ಬಿಸಿಲಿಗೆ ಆರುತ್ತದೆ. ಕಲ್ಲಿನ ಮೇಲೆ ಜಾರಿ ಇಳಿಯುವ ನೀರಿನ ನಷ್ಟ ಕಡಿಮೆ. ಚಿಮ್ಮಲೇಬೇಕೆಂದರೆ, ತೊಟ್ಟಿಯ ನಡುವಿನಿಂದ ಅಂಚಿಗಿರುವ ದೂರವನ್ನು ಮೀರಿ ನೀರು ಮೇಲೇಳದಿರಲಿ. ಮಧ್ಯಾಹ್ನದ ಹೊತ್ತಿಗೆ ನೆರಳಿರುವ, ಗಾಳಿಗೆ ಮರೆಯಾದ, ಜಗಲಿಗೆ ಸದ್ದು ಕೇಳಿಸುವಷ್ಟು ಹತ್ತಿರದ ಜಾಗ ಉತ್ತಮ. ಎಲೆ ಉದುರುವ ಮರದ ಅಡಿಯಲ್ಲಿಟ್ಟರೆ ಕಸ ತುಂಬಿ ಪಂಪು ಕಟ್ಟಿಕೊಳ್ಳುತ್ತದೆ. ಉಕ್ಕಿದ ನೀರಿಗೆ ಬಾಳೆಯ ಬುಡದತ್ತ ದಾರಿಯಿರಬೇಕು.

ಮಲೆನಾಡಿನಲ್ಲಿ ವಿದ್ಯುತ್ ಹೋಗುವುದು ಹೊಸತಲ್ಲ. ಹಾಗೆ ನಿಂತುಬಿಟ್ಟ ನೀರಿನಲ್ಲಿ ವಾರ, ಹತ್ತು ದಿನಗಳಲ್ಲೇ ಡೆಂಗಿ ಹರಡುವ ಸೊಳ್ಳೆಗಳು ಮರಿಮಾಡಿ ಹಾರಬಲ್ಲವು. ವಾರಕ್ಕೊಮ್ಮೆ ತೊಟ್ಟಿ ಬರಿದುಮಾಡಿ ತಿಕ್ಕಿ, ಆ ನೀರನ್ನು ಗಿಡಗಳಿಗೆ ಹಾಕುವುದೇ ಸರಳ ಪರಿಹಾರ. ಬ್ಲೀಚಿಂಗ್ ಪುಡಿ ಬೆರೆತ ನೀರನ್ನು ಹಳ್ಳಕ್ಕೆ ಬಿಡುವುದು ಕಪ್ಪೆಮರಿಗಳಿಗೆ ವಿಷವಿಕ್ಕಿದಂತೆ.

ಹಳ್ಳ ಬತ್ತುವ ದಿನಗಳಲ್ಲಿ ಕಾರಂಜಿಯೂ ನಿಲ್ಲಬೇಕು. ಆಗ ಅದೇ ತೊಟ್ಟಿಯಲ್ಲಿ ಎರಡು ಅಂಗುಲ ನೀರಿಟ್ಟು ದಿನವೂ ಬದಲಿಸಿದರೆ ಹಕ್ಕಿಗಳಿಗಾದರೂ ಅದು ಒದಗುತ್ತದೆ. ಕಾರಂಜಿ ಕೊಳ್ಳುವ ಮುನ್ನ ಅಂಗಡಿಗಲ್ಲ, ಬೇಸಿಗೆಯ ಹಳ್ಳಕ್ಕೆ ಒಮ್ಮೆ ಹೋಗಿಬರುವುದು ಒಳಿತು.